ಬಹ್ರಿಯ ಬಲಗೈ ಮತ್ತು ಕೆಂದನೆಂಬ ಫೋನು

ಮುವಾರೊ ಪಾನೆ ಎಂಬ ಊರಿನ ದನದ ಸಂತೆಯಲ್ಲಿ ಬಹ್ರಿಯ ಬಲಗೈಗೆ ಇದ್ದಷ್ಟು ಹೆಸರು ಬಹ್ರಿಗೆ ಇರಲಿಲ್ಲ. ಬಹ್ರಿ ಎಂದರೆ ಯಾವ ಬಹ್ರಿ ಎಂದು ಕೇಳುವವರಿದ್ದರು. ‘ಆ ಕೈ’ ಎಂದರೆ ಮಾತ್ರ ಸಾಕು, ಗೂಟಕ್ಕೆ ಕಟ್ಟಿದ ಎತ್ತುಗಳು ಕೂಡ ಮೆಲುಕು ನಿಲ್ಲಿಸಿ ಅವನು ಬರುವ ದಾರಿಯ ಕಡೆ ಕತ್ತು ಹೊರಳಿಸುತ್ತಿದ್ದವು.

ನಮ್ಮ ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕುಲುಕಿದಂತೆ ಹಿಡಿದು, ಹೆಗಲ ವಸ್ತ್ರವನ್ನು ಮೇಲೆ ಎಳೆದುಕೊಂಡು, ಅದರ ಮರೆಯಲ್ಲಿ ಬೆರಳಿನಿಂದ ಬೆರಳಿಗೆ ಮಾತಾಡಿಕೊಳ್ಳಬೇಕು. ಹಿಡಿದ ಬೆರಳು ಲೆಕ್ಕ, ತಿರುಚಿದರೆ ಕಳೆ, ಅಂಗೈ ತಟ್ಟಿದರೆ ಒಪ್ಪಿಗೆ. ಮೇಲೆ ಇಬ್ಬರೂ ಮಳೆ, ಮಗಳ ಮದುವೆ, ಮೊಣಕಾಲು ನೋವು ಎಂದು ಹರಟುತ್ತಿರಬೇಕು. ವಸ್ತ್ರದ ಕೆಳಗೆ ಆದದ್ದು ಪಕ್ಕದಲ್ಲಿ ನಿಂತ ಸ್ವಂತ ತಮ್ಮನಿಗೂ ತಿಳಿಯಬಾರದು. ಹಿಂದೆ ಒಬ್ಬ ಬಾಯ್ತಪ್ಪಿ ಬೆಲೆ ಆಡಿಬಿಟ್ಟನಂತೆ. ಅವನ ಮರಿಮಕ್ಕಳಿಗೆ ಇವತ್ತಿಗೂ ಆ ಸಂತೆಯಲ್ಲಿ ಯಾರೂ ಹಗ್ಗ ಮಾರುವುದಿಲ್ಲ.

ಈ ವಿದ್ಯೆಯಲ್ಲಿ ಬಹ್ರಿ ಪಳಗಿದ್ದು ಸೋದರಮಾವನ ಕೈಯಲ್ಲಿ. ನಮ್ಮಲ್ಲಿ ಹುಡುಗರನ್ನು ತಿದ್ದುವುದು ಅಪ್ಪನಲ್ಲ, ಮಾವ. ಆ ಮಾವ ಹುಡುಗನ ಕಣ್ಣು ಕಟ್ಟಿ, ಜೋಳ, ಕಡಲೆಕಾಯಿ, ಕಾಫಿಬೀಜ ಬೆರೆಸಿದ ಮೂಟೆಯೊಳಗೆ ಕೈ ಹಾಕಿಸಿ, ಕೇಳಿದ್ದನ್ನು ತೆಗೆದುಕೊಡು ಅನ್ನುತ್ತಿದ್ದ. ವರ್ಷ ತುಂಬುವುದರೊಳಗೆ ಬಹ್ರಿ ಕಾಫಿಬೀಜ ಮುಟ್ಟಿ ಅದು ಯಾವ ಗುಡ್ಡದ ಯಾವ ಮಗ್ಗುಲಿನದು ಎಂದು ಹೇಳತೊಡಗಿದ. ಎದುರಿನವನ ಕಿರುಬೆರಳು ತಾಗಿದರೆ ಸಾಕು, ಅವನು ಕೇಳುವ ಬೆಲೆ, ಒಪ್ಪುವ ಬೆಲೆ, ಬೆಳಿಗ್ಗೆ ತಿಂದ ಸಾರಿಗೆ ಉಪ್ಪು ಸಾಕಾಗಿತ್ತೋ ಇಲ್ಲವೋ ಎಲ್ಲವೂ ಬಹ್ರಿಗೆ ಕೇಳಿಸುತ್ತಿತ್ತು. ರೋಸ್ನಿದಾರಳ ಸೋದರಮಾವಂದಿರು ಅವಳಿಗೆ ಗಂಡು ಹುಡುಕುತ್ತ ಸಂತೆಗೆ ಬಂದು, ಮುಖ ನೋಡದೆ ಕೈ ಹಿಡಿದು ನೋಡಿಯೇ ಬಹ್ರಿಯನ್ನು ಒಪ್ಪಿಕೊಂಡು ಹೋದರು. “ಕೈ ನೋಡಿ ತಂದ್ರು, ಮೂಗು ನೋಡಿದ್ರೆ ಬಿಟ್ಟ್ ಹೋಗ್ತಿದ್ರು” ಎಂದು ಅವಳು ಮೊಮ್ಮಕ್ಕಳು ಹುಟ್ಟಿದ ಮೇಲೂ ಹೇಳುವುದು ಬಿಟ್ಟಿಲ್ಲ.

ಅಂಥ ಕೈ ಈ ವರ್ಷ ಕಿವುಡಾಯಿತು.

ಮೊದಲು ಕಿರುಬೆರಳ ತುದಿ. ಆಮೇಲೆ ಉಂಗುರದ ಬೆರಳು. ರಂಜಾನಿನ ಉಪವಾಸ ಮುಗಿಯುವ ಹೊತ್ತಿಗೆ ಐದೂ ಬೆರಳಿಗೆ ಯಾರೋ ಆಡಿನ ಚರ್ಮದ ಚೀಲ ತೊಡಿಸಿ ದಾರ ಬಿಗಿದ ಹಾಗಾಗಿತ್ತು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಸೂಜಿ ಚುಚ್ಚಿ ಚುಚ್ಚಿ ನೋಡಿ, “ಸಕ್ಕರೆ ಕಾಯಿಲೆ ಅಪ್ಪಾಜಿ, ನರಕ್ಕೆ ಇಳಿದಿದೆ. ಮೊಟ್ಟೆ ಕದಡಿದ ಚಹಾಕ್ಕೆ ಸಕ್ಕರೆ ಹಾಕೋದು ಬಿಡಿ” ಅಂದಳು. ಬಹ್ರಿ ಮನೆಗೆ ಬಂದು ಹೆಂಡತಿಗೆ ಮೊಣಕಾಲು ತೋರಿಸಿಕೊಂಡು ಬಂದೆ ಅಂದ. ಮತ್ತೆ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಮುಗಿಯಿತಲ್ಲ! ಕೈ ಕೇಳಿಸದವನ ವಸ್ತ್ರದೊಳಗೆ ಯಾರು ಕೈ ಇಡುತ್ತಾರೆ? ಬಕ್ರೀದು ಬರುತ್ತಿತ್ತು. ವರ್ಷದ ದೊಡ್ಡ ಸಂತೆ ಅದೇ. ಅಲ್ಲಿ ಮೂಲೆಯಲ್ಲಿ ನಿಂತು ಬೇರೆಯವರ ಎತ್ತಿಗೆ ಹುಲ್ಲು ಹಾಕುವ ತನ್ನನ್ನು ನೆನೆಸಿಕೊಂಡರೆ ಬಹ್ರಿಗೆ ಬೆರಳು ಬಿಟ್ಟು ಮಿಕ್ಕ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಆದ್ದರಿಂದ ಅವನು ಮುಖ ನೋಡಿ ವ್ಯಾಪಾರ ಮಾಡತೊಡಗಿದ. ಎದುರಿನವನ ಹುಬ್ಬು, ಗಂಟಲ ಗಂಟು, ರೆಪ್ಪೆ ಬಡಿಯುವ ಬಗೆ ನೋಡಿ ಊಹಿಸಿ ಬೆರಳು ಹಿಡಿಯುವುದು, ಊಹಿಸಿ ಅಂಗೈ ತಟ್ಟುವುದು. ಆಶ್ಚರ್ಯವೆಂದರೆ ಊಹೆ ತಪ್ಪುತ್ತಲೇ ಇರಲಿಲ್ಲ. ತಾನು ತಿಳಿದುಕೊಂಡ ಬೆಲೆಯನ್ನೇ ಕೊಟ್ಟರೆ ಎದುರಿನವನು ಸರಿಯಾಗಿದೆ ಎಂದು ಜೇಬಿಗಿಡುತ್ತಿದ್ದ. ಬೆರಳು ಸತ್ತರೆ ಸಾಯಲಿ, ನನಗೆ ಕಣ್ಣಿದೆ ಎಂದು ಬಹ್ರಿಗೆ ಸ್ವಲ್ಪ ಜಂಬವೂ ಬಂತು. ಒಮ್ಮೆ ಮಾತ್ರ ಏಟು ಬಿತ್ತು. ಜಾಂಬಿ ಕಡೆಯ ಅಪರಿಚಿತನೊಬ್ಬನ ಜೊತೆ ಅಂಗೈ ತಟ್ಟಿದ ಮೇಲೆ ನೋಡಿದರೆ, ಬಹ್ರಿ ಅಂದುಕೊಂಡದ್ದೇ ಒಂದು, ಅವನು ಕೈ ಚಾಚಿ ಕೇಳಿದ್ದೇ ಒಂದು. ತಟ್ಟು ಬಿದ್ದ ಮೇಲೆ ತಕರಾರಿಲ್ಲ, ಸಾಕ್ಷಿಯೂ ಇಲ್ಲ. ಅವನು ಕೇಳಿದಷ್ಟೂ ಕೊಟ್ಟು, ಒಂದು ಕಣ್ಣಿಗೆ ಪೊರೆ ಬಂದ ಎತ್ತನ್ನು ಹೊಡೆದುಕೊಂಡು ಬರುವಾಗ ಯಾರಿಗೂ ಅನುಮಾನ ಬಾರದಿರಲೆಂದು ಬಹ್ರಿ ದಾರಿಯುದ್ದಕ್ಕೂ ಎಷ್ಟು ನಕ್ಕನೆಂದರೆ ಮನೆ ತಲುಪುವ ಹೊತ್ತಿಗೆ ದವಡೆ ಇಳಿದುಹೋಗಿತ್ತು.

ಅವತ್ತೇ ಅವನಿಗೆ ಫೋನಿನ ಯೋಚನೆ ಬಂದದ್ದು. ಪಡ್ಡೆ ವ್ಯಾಪಾರಿಗಳು ಈಗೀಗ ಎತ್ತಿನ ಚಿತ್ರ ಕಳಿಸುತ್ತಾರೆ, ಬೆಲೆ ಒತ್ತಿ ತೋರಿಸುತ್ತಾರೆ. ಒಂದು ಒಳ್ಳೆಯ ಫೋನಿದ್ದರೆ ಕೈ ಹೋಯಿತು ಅನ್ನುವ ಬದಲು ಕಾಲ ಬದಲಾಯಿತು ಅನ್ನಬಹುದು. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಅದರ ಅಂಕೆಗಳೆಲ್ಲ ಸವೆದು, ಕರೆ ಮಾಡಿದರೆ ಯಾರಿಗೆ ಹೋಗುತ್ತದೆ ಎಂಬುದು ದೇವರ ಇಚ್ಛೆಯಾಗಿತ್ತು.

ಆದರೆ ಚಹಾದಂಗಡಿಯಲ್ಲಿ ಕೂತು “ಫೋನು ತಗೋಬೇಕು” ಅಂದದ್ದೇ ತಪ್ಪಾಯಿತು. ನಮ್ಮೂರ ಚಹಾದಂಗಡಿಯಲ್ಲಿ ಕೊಡೆ ಬಿಚ್ಚಬೇಕೆಂದರೂ ಎಲ್ಲರ ಅಭಿಪ್ರಾಯ ಕೇಳಬೇಕು.

“ಕ್ಯಾಮೆರಾ ದೊಡ್ಡದಿರೋದ್ ತಗೋ,” ಒಬ್ಬ ಅಂದ.

“ಯಾಕೆ, ಇವನ್ ಮೂಗು ಚಿಕ್ಕದ್ರಲ್ಲಿ ಹಿಡ್ಸಲ್ವಾ?” ಇನ್ನೊಬ್ಬ.

“ಬ್ಯಾಟರಿ ನೋಡಪ್ಪ ಮೊದ್ಲು. ನನ್ ಅಳಿಯಂದು ಮಧ್ಯಾಹ್ನದ ಅಸರ್ ನಮಾಜಿಗೇ ಕಣ್ಮುಚ್ಕೊಳತ್ತೆ, ಅವನ ಥರಾನೇ.”

“ಅಗ್ಗದ್ದು ತಗೊಳೋ ಬಹ್ರಿ. ಹೆಂಗಿದ್ರೂ ಎಮ್ಮೆ ಮೇಲ್ ಬೀಳ್ಸಿ ಒಡೀತೀಯ.”

ಮೂಲೆಯಲ್ಲಿ ಡಾಮಿನೋ ಆಡುತ್ತಿದ್ದ ಮಾಲಿನ್ ಸಾತಿ ಮಾತ್ರ ತಲೆ ಎತ್ತಿ ಬಹ್ರಿಯ ಕಡೆ ಒಂದು ಗಳಿಗೆ ನೋಡಿ, ಮತ್ತೆ ಕಾಯಿ ಇಟ್ಟ. ಬಹ್ರಿಯೂ ಮಾಲಿನ್‌ನೂ ಒಂದೇ ವಾರಿಗೆಯವರು. ಮೀಸೆ ಮೂಡುವ ಮೊದಲಿನಿಂದ ಒಬ್ಬರ ವಸ್ತ್ರದೊಳಗೆ ಒಬ್ಬರು ಕೈ ಇಟ್ಟು ಒಬ್ಬರನ್ನೊಬ್ಬರು ಸುಲಿಗೆ ಮಾಡಿಕೊಂಡು ಬಂದವರು. ಅದಕ್ಕಿಂತ ದೊಡ್ಡ ಸ್ನೇಹ ನಮ್ಮ ಕಡೆ ಇಲ್ಲ.

ಬಹ್ರಿ ಚಹಾ ಗುಟುಕರಿಸಿ ನಾಲಿಗೆ ಚಪ್ಪರಿಸಿದ. “ಇಲ್ಲಿನ ಚಹಾ ಒಂದೇ ಸಿಹಿ ಕಣ್ರೋ. ನಮ್ ಮನೇಲಿ ಯಾಕೋ ಈಚೆಗೆ ಸಕ್ಕರೇಗೇ ಸಿಹಿ ಇಲ್ಲ. ಅಂಗಡಿಯೋರು ಏನ್ ಬೆರೆಸ್ತಾರೋ” ಎಂದು ಗೊಣಗಿ ಎದ್ದು ಹೋದ.

ಆ ವಾರವೇ ಅವನ ತಂಗಿ ಗುಸ್ನಿಮಾರಳ ಮಗಳು ಯೆಲ್ವಿ ಪಾಡಾಂಗಿನ ಕಾಲೇಜಿನಿಂದ ಬಂದಳು. ಕಂಪ್ಯೂಟರ್ ಓದುತ್ತಿದ್ದ ಹುಡುಗಿ, ಕೊನೆಯ ವರ್ಷ. ಡಿಗ್ರಿಗೆ ಒಂದು ಪ್ರಬಂಧ ಬರೆಯಬೇಕು, ಅದರ ವಿಷಯ ಮೊಬೈಲ್ ಫೋನು ಆರಿಸುವ ಲೆಕ್ಕ. ಹೊಸ ವಿಷಯವೇನಲ್ಲ. ಈ ಲೆಕ್ಕದಲ್ಲಿ ಫೋನು ಆರಿಸಿಯೇ ಪದವಿ ಪಡೆದ ನಮ್ಮ ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಪಾಡಾಂಗಿನ ಕಡಲಿಗಿಳಿದು ಮೆಂತಾವಾಯಿ ದ್ವೀಪಕ್ಕೆ ಹೋಗಿ ಮುಟ್ಟೀತು. ಆದರೆ ಎಲ್ಲರೂ ಹಾಸ್ಟೆಲಿನಲ್ಲಿ ಕೂತು ಉತ್ತರಗಳನ್ನು ತಾವೇ ತುಂಬುತ್ತಾರೆ ಎಂಬುದು ಮೇಷ್ಟ್ರಿಗೆ ಗೊತ್ತಾಗಿಹೋಗಿತ್ತು. “ನಿಜವಾಗ್ಲೂ ಫೋನ್ ಕೊಳ್ಳೋ ನಿಜವಾದ ಮನುಷ್ಯನ್ನ ಹಿಡ್ಕೊಂಡ್ ಬಾ” ಎಂದು ಅವಳನ್ನು ಅಟ್ಟಿದ್ದರು.

“ಮಾಮಾ, ನೀವೇ ಆ ನಿಜವಾದ ಮನುಷ್ಯ,” ಅಂದಳು ಯೆಲ್ವಿ.

“ಅನುಮಾನ ಇತ್ತಾ?” ಅಂದ ಬಹ್ರಿ.

ತಂಗಿಯ ಮನೆಯ ಜಗಲಿಯಲ್ಲಿ ಸಂಜೆ ಕೂತರು. ಸೊಸೆಯ ಓದಿಗೆ ಸೋದರಮಾವ ಇಲ್ಲ ಅನ್ನುವ ಹಾಗಿಲ್ಲ. ಸುದ್ದಿ ತಿಳಿದು ಚಹಾದಂಗಡಿ ಇದ್ದಂತೆ ಎದ್ದು ಜಗಲಿಗೆ ಬಂತು. ಬೆಂಚು ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಬಂದವು. ರೋಸ್ನಿದಾರ್ ಕೂಡ ಸೆರಗು ಸರಿಮಾಡಿಕೊಂಡು ಬಂದು ಕಂಬಕ್ಕೆ ಒರಗಿ ಕೂತಳು. ಮಾಲಿನ್ ಮೆಟ್ಟಿಲ ಮೇಲೆ ಕೂತ.

“ನೋಡಿ ಮಾಮಾ,” ಯೆಲ್ವಿ ಲ್ಯಾಪ್‌ಟಾಪು ತೆರೆದಳು. “ಎಲ್ಲಾನೂ ಒಟ್ಟಿಗೆ ತೂಗೋಕ್ ಹೋದ್ರೆ ತಲೆ ಕೆಡತ್ತೆ. ಅದಕ್ಕೇ ಎರಡೆರಡನ್ನೇ ಎದುರಾಬದುರು ನಿಲ್ಸೋದು. ಬೆಲೆ ಮುಖ್ಯಾನೋ, ಬ್ಯಾಟರಿ ಮುಖ್ಯಾನೋ? ಎಷ್ಟು ಪಟ್ಟು? ಒಂದು ಅಂದ್ರೆ ಎರಡೂ ಸಮ. ಒಂಬತ್ತು ಅಂದ್ರೆ ಇದರ ಮುಂದೆ ಅದು ಕಸ. ಹೀಗೇ ಒಂದೊಂದು ಜೋಡೀನೂ ಹೇಳ್ತಾ ಹೋಗಿ. ಯಾವುದಕ್ಕೆ ಎಷ್ಟು ತೂಕ ಅಂತ ಲೆಕ್ಕವೇ ಹೇಳತ್ತೆ. ಆಮೇಲೆ ಅಂಗಡೀಲಿರೋ ಫೋನುಗಳನ್ನ ಅದೇ ತಕ್ಕಡೀಲಿ ಇಡೋದು.”

ಬಹ್ರಿ ತೆರೆದ ಬಾಯಿ ಮುಚ್ಚಲಿಲ್ಲ. ಇಡೀ ಆಯುಷ್ಯ ಅವನು ಎತ್ತು ಆರಿಸಿದವನು. ಸುಳಿ ನೋಡಿದ್ದ, ಹಲ್ಲು ಹಿಡಿದಿದ್ದ, ಗೊರಸು ತಟ್ಟಿದ್ದ, ಗಂಗೆದೊಗಲು ಎಳೆದಿದ್ದ, ನಡಿಗೆಗಾಗಿ ಹಿಂದೆ ಹಿಂದೆ ಓಡಿದ್ದ. ಎಲ್ಲ ನೋಡಿ ಕೊನೆಗೆ ಹೊಟ್ಟೆಯೊಳಗಿಂದ ಏನೋ ಒಂದು ‘ಇದೇ’ ಅನ್ನುತ್ತಿತ್ತು. ಹಲ್ಲಿಗಿಂತ ಗೊರಸು ಎಷ್ಟು ಪಟ್ಟು ಹೆಚ್ಚು ಎಂದು ಆ ಹೊಟ್ಟೆಯನ್ನು ಅವನು ಯಾವತ್ತೂ ಕೇಳಿರಲಿಲ್ಲ. ಯಾರೋ ಪುಣ್ಯಾತ್ಮ ಎಲ್ಲೋ ಕೂತು ಅದನ್ನೂ ಕೇಳಿದ್ದಾನೆ, ಮನುಷ್ಯನ ‘ಬೇಕು’ಗಳನ್ನು ತೂಗಲು ತಕ್ಕಡಿ ಮಾಡಿಟ್ಟಿದ್ದಾನೆ! ಸುಬ್ಹಾನಲ್ಲಾ ಅಂದ ಬಹ್ರಿ, ಮನಸ್ಸಿನಲ್ಲಿ.

“ಸರಿ, ಬೆಲೆ ದೊಡ್ಡದಾ, ಬ್ಯಾಟರಿ ದೊಡ್ಡದಾ?”

“ಬೆಲೆ,” ಅಂದ ಬಹ್ರಿ.

“ಜುಗ್ಗ!” ರೋಸ್ನಿದಾರ್ ಕಂಬದ ಹತ್ತಿರದಿಂದ.

“ಹಂಗಾದ್ರೆ ಬ್ಯಾಟರಿ.”

“ಹೆಂಡ್ತಿ ಕೆಮ್ಮಿದ್ರೆ ಗಂಡನ ಬ್ಯಾಟರಿ ಬದಲಾಯ್ತು!” ಜಗಲಿ ನಕ್ಕಿತು.

“ಕ್ಯಾಮೆರಾ, ಬ್ಯಾಟರಿ?”

“ಕ್ಯಾಮೆರಾ ಅನ್ನೋ ಬಹ್ರಿ, ಎತ್ತಿನ ಜೊತೆ ನಿಂತು ತೆಗೆಸ್ಕೋ. ಯಾರು ಯಾರು ಅಂತ ಕೆಳಗೆ ಬರೆಸೋದ್ ಮರೀಬೇಡ.”

ಹೀಗೆ ಒಂದೊಂದು ಉತ್ತರಕ್ಕೂ ಹತ್ತು ಬಾಯಿ. ಬಹ್ರಿ ಒಂದೊಂದು ಬಾಯಿಗೂ ಒಂದೊಂದು ಉತ್ತರ ಬದಲಿಸುತ್ತ ಹೋದ. ಯೆಲ್ವಿ ತಲೆ ಮೇಲೆ ಕೈ ಹೊತ್ತಳು. ಆಮೇಲೆ ಅವಳ ಮುಖ ಹೊಳೆಯಿತು.

“ಮಾಮಾ, ಬಾಯಲ್ಲಿ ಬೇಡ. ಕೈಯಲ್ಲಿ ಹೇಳಿ! ಬೆರಳು ಹಿಡಿದ್ರೆ ಮೊದಲನೇದು ಮೇಲು, ತಿರುಚಿದ್ರೆ ಎರಡನೇದು ಮೇಲು. ಹಿಡಿದಷ್ಟು ಬೆರಳು ಅಷ್ಟು ಪಟ್ಟು. ಐದು ದಾಟಿದ್ರೆ ಕೈ ಬಿಟ್ಟು ಮತ್ತೆ ಹಿಡೀರಿ. ಯಾರಿಗೂ ಗೊತ್ತಾಗಲ್ಲ.”

ಜಗಲಿ ಚಪ್ಪಾಳೆ ಹೊಡೆಯಿತು. ‘ಆ ಕೈ’ಯಿಂದ ಫೋನು ಕುದುರಿಸುವುದೆಂದರೆ! ಮಾಲಿನ್ ಮಾತ್ರ, “ಬಿಡಮ್ಮ, ಬಾಯಲ್ಲೇ ಹೇಳ್ಲಿ. ನಾವು ಸುಮ್ನಿರ್ತೀವಿ” ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಯೆಲ್ವಿ ಆಗಲೇ ಬಹ್ರಿಯ ಹೆಗಲಿನಿಂದ ಚೌಕುಳಿ ವಸ್ತ್ರ ಎಳೆದು ಇಬ್ಬರ ಕೈ ಮೇಲೆ ಹೊದಿಸಿದ್ದಳು.

ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಬಹ್ರಿ ಎಂದಿನ ಹಾಗೆ ಗಡ್ಡ ಮೇಲೆತ್ತಿ, ಮಾಡು ನೋಡುತ್ತ, ಒಳಗೆ ಬೆರಳು ಹುಡುಕತೊಡಗಿದ. ಹುಲ್ಲಿನ ಮೆದೆಯೊಳಗೆ ಸೂಜಿ ಹುಡುಕಿದ ಹಾಗಿತ್ತು. ಸೂಜಿಯಾದರೂ ಚುಚ್ಚುತ್ತದೆ. ಎರಡು ಹಿಡಿದೆ ಅಂದುಕೊಂಡಾಗ ಮೂರೋ ಒಂದೋ, ತಿರುಚಿದೆ ಅಂದುಕೊಂಡಾಗ ತಿರುಚಿತೋ ಇಲ್ಲವೋ. ಯೆಲ್ವಿ ಎಡಗೈಯಲ್ಲಿ ಅಂಕೆ ಒತ್ತುತ್ತ ಹೋದಳು. ಬೆಲೆ, ಬ್ಯಾಟರಿ, ಕ್ಯಾಮೆರಾ, ಪರದೆ, ಸದ್ದು, ಎಲ್ಲ ಜೋಡಿಗಳೂ ಮುಗಿದವು.

ಅವಳು ಪರದೆ ನೋಡಿ ಕಿಸಕ್ಕೆಂದು ನಕ್ಕಳು. “ಅಯ್ಯೋ ಮಾಮಾ! ಬ್ಯಾಟರಿ ಕ್ಯಾಮೆರಾಗಿಂತ ಮೇಲು ಅಂದಿದೀರ, ಕ್ಯಾಮೆರಾ ಬೆಲೆಗಿಂತ ಮೇಲು ಅಂದಿದೀರ, ಮತ್ತೆ ಬೆಲೆ ಬ್ಯಾಟರಿಗಿಂತ ಮೇಲು ಅಂದಿದೀರ. ಗಾಣದೆತ್ತಿನ ಥರ ಸುತ್ತು ಹೊಡೀತಿದೆ!”

“ಅದಕ್ಕೆ ಹೆಂಗ್ ಗೊತ್ತಾಯ್ತು?” ಬಹ್ರಿ ಪರದೆಯ ಕಡೆ ಕತ್ತು ಚಾಚಿದ.

“ಒಂದು ಮಾತಿಗೆ ಇನ್ನೊಂದು ಮಾತು ತಾಳೆ ಆಗತ್ತಾ ಅಂತ ಲೆಕ್ಕವೇ ನೋಡತ್ತೆ. ಒಂದು ಅಂಕೆ ಬರತ್ತೆ. ಎಲ್ಲಾ ಸರಿಯಾಗಿ ತಾಳೆ ಆದ್ರೆ ಸೊನ್ನೆ. ಸೊನ್ನೆ ಯಾರಿಗೂ ಬರಲ್ಲ, ಮನುಷ್ಯರು ಅಂದ್ಮೇಲೆ ಸ್ವಲ್ಪ ತಪ್ತಾರೆ, ಅದಕ್ಕೆ ಮಾಫಿ ಇದೆ. ನಿಮ್ದು ಮಾಫಿ ಗೆರೆ ದಾಟಿ ದೂರದ ಬುಕಿತ್ತಿಂಗಿ ಪೇಟೆ ತಲುಪಿದೆ. ಇನ್ನೊಂದ್ ಸಲ ಕೊಡಿ.”

ಇನ್ನೊಂದು ಸಲ ಕೊಟ್ಟ. ಈ ಸಲ ಬೇರೆಯೇ ಸುತ್ತು. ಯೆಲ್ವಿ ನಗಲಿಲ್ಲ. ಪರದೆ ನೋಡಿದಳು, ಮಾವನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು.

“ಮುದುಕನ ಮನಸ್ಸು ಕಣಮ್ಮ, ಸುತ್ತು ಹೊಡೆಯೋದೇ ಅದರ ಕೆಲಸ,” ಮಾಲಿನ್ ಮೆಟ್ಟಿಲಿಂದ ಜೋರಾಗಿ ಅಂದ. “ಚಹಾ ಎಲ್ಲಮ್ಮ, ಚಹಾ? ಕರೆದು ಕೂರಿಸಿ ಒಣಗಿಸ್ತೀರಲ್ಲ!” ಜಗಲಿಯ ಗಮನ ಚಹಾದ ಕಡೆ ಹೋಯಿತು.

“ಮಾಮಾ,” ಯೆಲ್ವಿ ಮೆಲ್ಲಗೆ ಅಂದಳು, “ಈಗ ನಾನು ಕೊಡ್ತೀನಿ. ಎಷ್ಟು ಕೊಟ್ಟೆ ಹೇಳಿ.”

ಬಹ್ರಿ ಅವಳ ಹುಬ್ಬು ನೋಡಿದ, ರೆಪ್ಪೆ ನೋಡಿದ. ಚಿಕ್ಕ ಹುಡುಗಿ, ದನದ ವ್ಯಾಪಾರಿಯಲ್ಲ. ಮುಖದಲ್ಲಿ ಬೆಲೆ ಬರೆದಿರಲಿಲ್ಲ. “ಎರಡು,” ಅಂದ.

ಆಗ ಅವಳು ಎರಡೂ ಕೈ ಎತ್ತಿ ತಲೆಯ ಸೆರಗನ್ನು ಸರಿಮಾಡಿಕೊಂಡಳು.

ಎರಡೂ ಕೈ. ವಸ್ತ್ರದೊಳಗೆ ಬಹ್ರಿಯ ಕೈ ಒಂದೇ ಇತ್ತು. ಯಾವ ಗಳಿಗೆಯಲ್ಲಿ ಅವಳು ಕೈ ತೆಗೆದಳೋ ಅವನಿಗೆ ಗೊತ್ತೇ ಆಗಿರಲಿಲ್ಲ. ಬರಿಯ ಗಾಳಿಯನ್ನು ಹಿಡಿದು ಅವನು ಎರಡು ಎಂದಿದ್ದ.

ಅವಳ ಕಣ್ಣು ತುಂಬಿತ್ತು. ಆದರೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, “ಸರಿ ಮಾಮಾ, ಎರಡೇ,” ಅಂದಳು. ಮತ್ತೆ ಕೈಯನ್ನು ವಸ್ತ್ರದೊಳಗೆ ಇಟ್ಟು, ಬೆರಳುಗಳನ್ನು ದಾಟಿ, ಅಂಗೈಯನ್ನು ದಾಟಿ, ಮಣಿಕಟ್ಟಿನ ಒಳಮಗ್ಗುಲಿಗೆ, ನಾಡಿ ಹೊಡೆಯುವ ಕಡೆ ಒತ್ತಿದಳು. ಒಂದು, ಎರಡು, ಮೂರು. ಬಹ್ರಿಗೆ ಮಳೆಹನಿ ಬಿದ್ದ ಹಾಗೆ ಸ್ಪಷ್ಟವಾಗಿ ಕೇಳಿಸಿತು.

“ಮೂರು,” ಅಂದ.

“ಮೂರು. ಇನ್ನು ಶುರು ಮಾಡೋಣ. ನೀವೂ ನನ್ನ ಮಣಿಕಟ್ಟಿಗೇ ಬಡೀರಿ,” ಎಂದು ಪಿಸುಗುಟ್ಟಿದಳು.

ಮತ್ತೆ ಮೊದಲಿನಿಂದ ಕೊಟ್ಟ. ಯೆಲ್ವಿ ನಡುವೆ ಒಂದು ಹೊಸ ಸಾಲು ಸೇರಿಸಿ, “ಹಿಡಿತ” ಎಂದಷ್ಟೇ ಓದಿ ಹೇಳಿದಳು. ಅದು ಬಂದಾಗಲೆಲ್ಲ ಬಹ್ರಿ ಒಂಬತ್ತು ಬಡಿದ. ಈ ಸಲ ತಾಳೆಯ ಅಂಕೆ ಎಳ್ಳಿನಷ್ಟು ಚಿಕ್ಕದಾಗಿ ಬಂತು. ಆಮೇಲೆ ಪೇಟೆಯ ಫೋನುಗಳು ಒಂದೊಂದಾಗಿ ತಕ್ಕಡಿ ಏರಿದವು. ಅವುಗಳ ಹೆಸರು ಬಹ್ರಿಯ ನಾಲಿಗೆಗೆ ಬಾರದ್ದರಿಂದ ಬಣ್ಣ ನೋಡಿ ಕರಿಯ, ಮಾಸ, ಕೆಂದ ಎಂದು ಎತ್ತಿಗಿಟ್ಟ ಹಾಗೆ ಹೆಸರಿಟ್ಟ. ಗೆದ್ದದ್ದು ಕೆಂದ. ಇಟ್ಟಿಗೆಯಂಥ ದಪ್ಪ ಫೋನು. ಅದು ನಡುಗಿದರೆ ಜೇಬಿನಲ್ಲಿ ಹೋರಿಕರು ಇಟ್ಟುಕೊಂಡ ಹಾಗೆ, ಬೆರಳಿಗಲ್ಲದಿದ್ದರೂ ಎದೆಗೆ ತಿಳಿಯುತ್ತಿತ್ತು. ಪರದೆಯ ಬೆಳಕಿನಲ್ಲಿ ಕತ್ತಲೆಯ ಹಟ್ಟಿಯಲ್ಲೂ ಎತ್ತಿನ ಹಲ್ಲು ಎಣಿಸಬಹುದಿತ್ತು.

ಫೋನು ಕೊಂಡು ಬರುವ ದಾರಿಯಲ್ಲಿ ಯೆಲ್ವಿ ಕೇಳಿದಳು: “ಅತ್ತೆಗೆ ಗೊತ್ತಾ?”

“ಯಾರಿಗೂ ಗೊತ್ತಿಲ್ಲ. ಸಂತೆಗೆ ಗೊತ್ತಾದ್ರೆ ನನ್ ಕಥೆ ಮುಗೀತು. ನೀನೂ…”

“ವಸ್ತ್ರದ ಕೆಳಗಿಂದು ಮಾಮಾ. ಹೇಳ್ತೀನಾ?”

ಬಹ್ರಿ ಜೇಬಿನ ಫೋನನ್ನು ಒಮ್ಮೆ ತಟ್ಟಿ ನೋಡಿದ. “ಅಲ್ಲ, ಇಷ್ಟು ದಿನ ಇಡೀ ಸಂತೆಗೆ ಸಿಕ್ಕದ್ದು ನಿನ್ನ ಲೆಕ್ಕಕ್ಕೆ ಹೆಂಗ್ ಸಿಕ್ತು?”

“ಅದಕ್ಕೇನೂ ಗೊತ್ತಿಲ್ಲ ಮಾಮಾ. ಕೈ ಹೇಳಿದ್ದಕ್ಕೂ ಮನಸ್ಸಿಗೂ ತಾಳೆ ಇಲ್ಲ ಅ‌ನ್ನೋದಷ್ಟೇ ಗೊತ್ತು.”

ಅಷ್ಟೇ ಗೊತ್ತಿದ್ದರೆ ಸಾಕಲ್ಲ, ಇನ್ನೇನು ಉಳಿಯಿತು ಎಂದುಕೊಂಡ ಬಹ್ರಿ. ಮಸೀದಿಯಲ್ಲಿ ಇಮಾಮರ ಮುಂದೆ ಕೂಡ ಅವನು ಇಷ್ಟು ಚಿಕ್ಕವನಾಗಿರಲಿಲ್ಲ.

ಬಕ್ರೀದಿಗೆ ಮೊದಲಿನ ದೊಡ್ಡ ಸಂತೆ. ಮೋಡ ಕವಿದು ಬೆಳಿಗ್ಗೆಯೇ ಮುಸ್ಸಂಜೆಯಂತಿತ್ತು. ತಗಡಿನ ಚಪ್ಪರದ ಕೆಳಗೆ ಇನ್ನೂ ಮಬ್ಬು. ಬಹ್ರಿಯ ಉಪಾಯ ಸರಳ. ಗೆಣ್ಣಿನಿಂದ ಫೋನಿನಲ್ಲಿ ಬೆಲೆ ಒತ್ತಿ, ವಸ್ತ್ರದೊಳಗೆ ಇಟ್ಟರೆ, ಎದುರಿನವನು ಅಂಚೆತ್ತಿ ಇಣುಕಿ ನೋಡುತ್ತಾನೆ. ಅವನೂ ಒತ್ತಿ ತೋರಿಸುತ್ತಾನೆ. ಯಾರಾದರೂ ಕೇಳಿದರೆ, ಹೊಸ ಕಾಲ ಕಣಪ್ಪ. ಮುದಿಗಣ್ಣಿಗೆ ಕಾಣಲಿ ಎಂದು ಯೆಲ್ವಿ ಅಂಕೆಗಳನ್ನು ಕೋಳಿಮೊಟ್ಟೆಯ ಗಾತ್ರಕ್ಕೆ ಹಿಗ್ಗಿಸಿ, ಬೆಳಕನ್ನು ತುದಿಗೇರಿಸಿ ಕೊಟ್ಟಿದ್ದಳು. ಬಳಸುವುದನ್ನು ನೋಡಿ ಬರೆದುಕೊಳ್ಳಬೇಕೆಂದು ಅವಳೂ ಬಂದು ಬೇಲಿಯ ಹತ್ತಿರ ನಿಂತಿದ್ದಳು.

ಮೊದಲ ವ್ಯಾಪಾರ ಮಾಲಿನ್‌ನ ದೊಡ್ಡ ಎತ್ತಿಗೆ. ಗೂನು ಚಪ್ಪರ ಮುಟ್ಟುವಂಥ ಎತ್ತು. ಬಹ್ರಿ ಬೆಲೆ ಒತ್ತಿ, ಫೋನನ್ನು ವಸ್ತ್ರದ ಮರೆಗೆ ಸರಿಸಿ, ಗಡ್ಡ ಎತ್ತಿ, “ಮಳೆ ಬರೋ ಹಂಗಿದೆ” ಅಂದ.

ಮಾಲಿನ್ ಮೋಡದ ಕಡೆ ತಲೆ ಎತ್ತಲಿಲ್ಲ. ಅವನ ಕಣ್ಣು ವಸ್ತ್ರದ ಮೇಲಿತ್ತು. ಸುತ್ತಲಿನ ಮಾತು ಒಂದೊಂದಾಗಿ ಆರಿಹೋಯಿತು. ಬಹ್ರಿ ಬಗ್ಗಿ ನೋಡಿದ.

ಅವನ ವಸ್ತ್ರ ಅವನ ಮದುವೆಗಿಂತ ಹಳೆಯದು. ಒಗೆದು ಒಗೆದು ಈರುಳ್ಳಿ ಸಿಪ್ಪೆಯಾಗಿತ್ತು. ಅದರೊಳಗಿಂದ ಕೆಂದ ಹುಣ್ಣಿಮೆಯಂತೆ ಉರಿಯುತ್ತಿದ್ದ. ಚೌಕುಳಿಗಳ ನಡುವೆ ಮಾಲಿನ್‌ನ ಎತ್ತಿನ ಬೆಲೆ, ಕೋಳಿಮೊಟ್ಟೆ ಗಾತ್ರದ ಅಂಕೆಗಳಲ್ಲಿ, ಇಡೀ ಚಪ್ಪರಕ್ಕೆ ಕಾಣುವ ಹಾಗೆ ಮೂಡಿ ನಿಂತಿತ್ತು. ಸಂತೆ ಹುಟ್ಟಿದಂದಿನಿಂದ ಯಾರೂ ಕಾಣದಿದ್ದದ್ದನ್ನು ಅವತ್ತು ಎಲ್ಲರೂ ಕಂಡರು. ಎತ್ತು ಕೂಡ ತನ್ನ ಬೆಲೆ ನೋಡಿಕೊಂಡು ಕಡಿಮೆಯಾಯಿತು ಎಂಬಂತೆ ಬುಸುಗುಟ್ಟಿತು. ಹಿಂದಿನಿಂದ ಹಗ್ಗ ಮಾರುವ, ಕಣ್ಣು ಮಂಜಾದ ಮುದುಕನೊಬ್ಬ ತನಗೂ ಅಂಕೆ ಕಂಡ ಸಂಭ್ರಮದಲ್ಲಿ “ಹತ್ತೊಂ…” ಎಂದು ಶುರುಮಾಡಿದ್ದನ್ನು ಪಕ್ಕದವನು ಬಾಯಿ ಮುಚ್ಚಿ ತಡೆದ.

ಮುಗಿಯಿತು ಎಂದುಕೊಂಡ ಬಹ್ರಿ. ಈಗ ಕೇಳುತ್ತಾರೆ. ಕೈ ಇರುವವನಿಗೆ ಫೋನು ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಯಾರೂ ಕೇಳಲಿಲ್ಲ. ಮಾಲಿನ್ ವಸ್ತ್ರದೊಳಗೆ ಕೈಹಾಕಿ ಫೋನನ್ನು ಮಗುಚಿ, ಹೊರತೆಗೆದು, ಬಹ್ರಿಯ ಅಂಗಿಯ ಜೇಬಿಗೆ ಇಳಿಸಿದ. “ಏನ್ ಮಾರಾಯಾ, ಹಗಲೊತ್ತೇ ಚಂದ್ರನ್ನ ಕಟ್ಕೊಂಡ್ ಬಂದಿದೀಯ?” ಅಂದ. ಜನ ನಕ್ಕರು. ಆ ನಗುವಿನ ಮರೆಯಲ್ಲಿ ಅವನು ತನ್ನ ದಪ್ಪ ವಸ್ತ್ರವನ್ನು ಇಬ್ಬರ ಕೈ ಮೇಲೆ ಹೊದಿಸಿದ. ಅವನ ಕೈ ಒಳಗೆ ಬಂತು. ಬಹ್ರಿಯ ಬೆರಳುಗಳ ಹತ್ತಿರ ನಿಲ್ಲಲಿಲ್ಲ. ನೇರವಾಗಿ ಮೇಲೇರಿ ಮಣಿಕಟ್ಟಿನ ನಾಡಿಯ ಮೇಲೆ ಕೂತು, ತನ್ನ ಬೆಲೆಯನ್ನು ಒಂದೊಂದಾಗಿ ಬಡಿಯಿತು.

ಬಹ್ರಿ ಅವನ ಕಿವಿಯ ಹತ್ತಿರ ಬಾಗಿದ. “ಹುಡುಗಿ ಹೇಳಿದ್ಲಾ?” ಎಂದು ಪಿಸುಗುಟ್ಟಿದ.

“ಯಾವ ಹುಡುಗಿ? ನಿನ್ ಕೈ ಹೇಳ್ತು. ಉಪವಾಸಕ್ಕೆ ಮುಂಚೇನೇ ಹೇಳ್ತು. ಬೆರಳು ಹಿಡಿದ್ರೆ ತಿರುಗಿ ಹಿಡೀತಿರ್ಲಿಲ್ಲ, ಮಣಿಕಟ್ಟು ತಾಗಿದ್ರೆ ಮಾತ್ರ ಬೆಚ್ತಿತ್ತು.”

“ಮತ್ತೆ ಒಂದ್ ಮಾತು ಆಡ್ಬಾರ್ದಾ?”

“ವಸ್ತ್ರದ ಕೆಳಗೆ ಗೊತ್ತಾದ್ದನ್ನ ಮೇಲೆ ಆಡೋದುಂಟೇನೋ ದಡ್ಡ? ನೀನಾಗೇ ಹೇಳ್ಲಿ ಅಂತ ಕಾದೆ. ಇವತ್ತು ದೀಪ ಹಚ್ಚಿ ಹೇಳಿದೆ. ಬೆಲೆ ಹೇಳು ಈಗ, ಎತ್ತು ಕಾಯ್ತಿದೆ.”

ಬಹ್ರಿ ಮಾಲಿನ್‌ನ ಮಣಿಕಟ್ಟಿಗೆ ಬಡಿದ. ಮಾಲಿನ್ ತಿರುಗಿ ಬಡಿದ. ಹಗ್ಗ ಕೈ ಬದಲಾಯಿತು. ಆಮೇಲೆ ಇನ್ನೊಬ್ಬ ವ್ಯಾಪಾರಿ ಬಂದ. ಅವನ ಕೈಯೂ ಬೆರಳು ದಾಟಿ ಮಣಿಕಟ್ಟಿಗೆ ಹೋಯಿತು. ಅವನ ಹಿಂದೆ ಬಂದವನದೂ ಹಾಗೆಯೇ. ಒಬ್ಬನನ್ನಾದರೂ ಕೇಳೋಣವೆಂದು ಬಹ್ರಿ ಕೇಳಿದರೆ, “ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ” ಅಂದ. ಅವರೆಲ್ಲರೂ ಅದನ್ನೇ ಅಂದುಕೊಂಡಿದ್ದರು. ಪಕ್ಕಪಕ್ಕದಲ್ಲಿ ನಿಂತು, ಒಂದೇ ಕೆಟಲಿನ ಚಹಾ ಕುಡಿದು, ಒಬ್ಬರಿಗೊಬ್ಬರು ಹೇಳದೆ, ಆ ದೊಡ್ಡ ಬಾಯಿಗಳೆಲ್ಲ ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಹೊತ್ತು ತಿರುಗಿದ್ದವು. ಬಹ್ರಿ ಊಹಿಸಿ ತಪ್ಪು ತಟ್ಟಿದಾಗಲೆಲ್ಲ ತಪ್ಪನ್ನೇ ಸರಿ ಎಂದು ನುಂಗಿಕೊಂಡಿದ್ದರು. ಕಣ್ಣಿನ ಜಾಣತನ ಎಂದು ಅವನು ಬೀಗಿದ್ದೆಲ್ಲ ಇವರ ಹೊಟ್ಟೆಯಲ್ಲಿ ಕೂತಿತ್ತು. ಆ ಜಾಂಬಿಯವನಿಗೆ ಮಾತ್ರ ಪಾಪ, ನಮ್ಮ ಸಂತೆಯ ಪರಿಚಯ ಇರಲಿಲ್ಲ.

ಎತ್ತು ಹೊಡೆದುಕೊಂಡು ಮನೆಗೆ ಬರುವಾಗ ಬಹ್ರಿ, “ಯೆಲ್ವಿ, ನಿನ್ನ ಲೆಕ್ಕಕ್ಕೆ ಈ ಜನಾನ ಹಾಕಿದ್ರೆ ತಾಳೆ ಎಷ್ಟು ಬರತ್ತೆ?” ಎಂದು ಕೇಳಿದ.

ಅವಳು ನಡೆಯುತ್ತಲೇ ಯೋಚಿಸಿದಳು. “ಸೊನ್ನೆ ಮಾಮಾ.”

“ಯಾರಿಗೂ ಬರಲ್ಲ ಅಂದಿದ್ದೆ?”

“ಅಂದಿದ್ದೆ,” ಅಂದಳು.

ಮನೆಯಲ್ಲಿ ರೋಸ್ನಿದಾರ್ ಮೊಟ್ಟೆ ಚಹಾ ನೊರೆ ಬರಿಸಿ ತಂದಿಟ್ಟಳು. ಬಹ್ರಿ ಒಂದು ಗುಟುಕು ಕುಡಿದು ಅಭ್ಯಾಸಬಲದಿಂದ ಅಂಗಡಿಯವನನ್ನು ಬೈಯಲು ಬಾಯಿ ತೆರೆದ. ಸಿಹಿ ಇಲ್ಲದ್ದು ಅಂಗಡಿಯವನ ತಪ್ಪಲ್ಲ ಎಂದು ಆಗ ಹೊಳೆಯಿತು. ಲೋಟ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಗೋಡೆಯ ಕಡೆ ತಿರುಗಿ, ಅವನ ಉದ್ದ ತೋಳಿನ ಅಂಗಿಗಳನ್ನೆಲ್ಲ ತೊಡೆಯ ಮೇಲೆ ಹರವಿಕೊಂಡು, ಮಣಿಕಟ್ಟಿಗೆ ಅಡ್ಡ ಬಾರದ ಹಾಗೆ ತೋಳುಗಳನ್ನು ಮೊಣಕೈವರೆಗೆ ಮಡಚಿ ಹೊಲಿಯುತ್ತಿದ್ದಳು. ಸಂತೆಯ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಉಳಿದ ಸುದ್ದಿ ಯಾವಾಗ ಸೇರಿತ್ತೋ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

“ಸಕ್ಕರೆ ಸಾಕಾ?” ಎಂದು ಕೇಳಿದಳು, ಸೂಜಿಯಿಂದ ಕಣ್ಣೆತ್ತದೆ.

“ಸಾಕು,” ಅಂದ ಬಹ್ರಿ. ಲೋಟವನ್ನು ಮಣಿಕಟ್ಟಿಗೆ ಒತ್ತಿಕೊಂಡು ಅದರ ಬಿಸಿ ಕೇಳಿಸಿಕೊಳ್ಳುತ್ತ, ತಳದವರೆಗೂ ಕುಡಿದ.